ಆಡುವ ಮಕ್ಕಳ ಎಡೆ

ಕಂಪ್ಲಿಯ ತಾಯಿಯೊಬ್ಬರು ಈ ಅಂಕಣಕ್ಕೆ ದೀರ್ಘವಾದ ಪತ್ರವೊಂದನ್ನು ಬರೆದಿದ್ದಾರೆ. ಅವರ ಮಗನಿಗೆ ೧೭ ವರ್ಷ, ತೂಕ ೬೦ ಕಿಲೋ. ಕಾಲೇಜಿನ ಓದಿನ ಜೊತೆಗೆ ಮುಂಜಾನೆ ಐದೂವರೆಗೆ ಗರಡಿಮನೆಗೆ ಹೋಗಿ ಸಾಮು ಮಾಡುತ್ತಾನೆ. ಸಂಜೆ ಕಾಲುವೆಯ ದಂಡೆಯ ಮೇಲೆ ಓಡುತ್ತಾನೆ. ಹಂಪಿ ಉತ್ಸವದ ಕುಸ್ತಿಯ ಕಣದಲ್ಲಿ ಒಮ್ಮೆಯಾದರೂ ಗೆಲ್ಲಬೇಕೆಂಬುದು ಅವನ ಹಂಬಲ. ಗರಡಿಯ ಹಿರಿಯರು ‘ಮೊಟ್ಟೆ ತಿನ್ನದೆ ಮೈ ಕಟ್ಟುವುದಿಲ್ಲ’ ಎನ್ನುತ್ತಾರಂತೆ. ಜೊತೆಗಾರರು ‘ಹೊಸಪೇಟೆಯಿಂದ ಪ್ರೋಟೀನ್ ಪುಡಿಯ ಡಬ್ಬಿ ತರಿಸು’ ಎನ್ನುತ್ತಾರಂತೆ. ಮನೆಗೆ ಮೊಟ್ಟೆ ಬರುವಂತಿಲ್ಲ. ಡಬ್ಬಿಗೆ ಎರಡು-ಮೂರು ಸಾವಿರ ರೂಪಾಯಿ ಬೇಕು. ‘ನಮ್ಮ ಮನೆಯ ಊಟದಲ್ಲಿ ಶಕ್ತಿಯೇ ಇಲ್ಲವೇ?’ ಎಂದು ಆ ತಾಯಿ ನೊಂದು ಕೇಳಿದ್ದಾರೆ. ಪತ್ರದ ಅಂಚಿನಲ್ಲಿ ಮತ್ತೊಂದು ಸಾಲು ಇದೆ: ಅವನ ತಂಗಿಯೂ ಶಾಲೆಯ ಖೋ ಖೋ ತಂಡದಲ್ಲಿ ಆಡುತ್ತಾಳೆ, ಅವಳಿಗೇನೂ ತೊಂದರೆಯಿಲ್ಲ, ಈಚೆಗೆ ಸ್ವಲ್ಪ ಬೇಗ ದಣಿಯುತ್ತಾಳೆ, ಅಷ್ಟೆ.

‘ನಮ್ಮ ಹಿರಿಯರು ಇದನ್ನೇ ಉಂಡು ಗಟ್ಟಿಮುಟ್ಟಾಗಿದ್ದರು, ಚಿಂತಿಸಬೇಡಿ’ ಎಂದು ಉತ್ತರಿಸಿಬಿಡುವುದು ಸುಲಭ. ಸಭೆ-ಸಮಾರಂಭಗಳಲ್ಲಿ ಈ ಮಾತನ್ನು ನಾವು ಎಷ್ಟೋ ಸಲ ಕೇಳಿದ್ದೇವೆ. ಆದರೆ ಹಿರಿಯರು ಉಂಡದ್ದನ್ನೇ ನಾವು ಇಂದು ಉಣ್ಣುತ್ತಿದ್ದೇವೆಯೇ? ಉತ್ತರ ಅಲ್ಲಿಂದ ಆರಂಭವಾಗಬೇಕು.

ದೇಹದ ಮಾಂಸಖಂಡಗಳನ್ನು ಕಟ್ಟುವುದು, ಸವೆದದ್ದನ್ನು ತುಂಬುವುದು ಸಸಾರಜನಕದ, ಅಂದರೆ ಪ್ರೋಟೀನಿನ ಕೆಲಸ. ಸಾಮಾನ್ಯ ದುಡಿಮೆಯ ವಯಸ್ಕರಿಗೆ ತೂಕದ ಪ್ರತಿ ಕಿಲೋಗೆ ದಿನಕ್ಕೆ ಸುಮಾರು ೦.೮೩ ಗ್ರಾಂ ಸಸಾರಜನಕ ಬೇಕೆಂದು ಭಾರತೀಯ ವೈದ್ಯಕೀಯ ಸಂಶೋಧನಾ ಮಂಡಳಿಯು ೨೦೨೦ರಲ್ಲಿ ಹೇಳಿದೆ. ನಿತ್ಯವೂ ಕಠಿಣ ತಾಲೀಮು ಮಾಡುವವರಿಗೆ ಇದು ಸಾಲದು. ಅವರಿಗೆ ಕಿಲೋಗೆ ೧.೨ ರಿಂದ ೨ ಗ್ರಾಂವರೆಗೆ ಬೇಕಾಗುತ್ತದೆ ಎಂಬುದು ಕ್ರೀಡಾ ವೈದ್ಯರಲ್ಲಿ ಇಂದು ರೂಢವಾಗಿರುವ ಲೆಕ್ಕ. ನಡುವಿನದಾದ ಒಂದೂವರೆ ಗ್ರಾಂ ಹಿಡಿದರೆ ೬೦ ಕಿಲೋ ತೂಗುವ ನಮ್ಮ ಹುಡುಗನಿಗೆ ದಿನಕ್ಕೆ ೯೦ ಗ್ರಾಂ ಬೇಕು.

ಈಗ ಅವನ ಎಡೆಯನ್ನು ನೋಡೋಣ. ತಾಯಿಯು ಮಗನ ಒಂದು ದಿನದ ಊಟವನ್ನು ಬಿಡಿಸಿ ಬರೆದಿದ್ದಾರೆ. ಗರಡಿಯಿಂದ ಬಂದೊಡನೆ ಮಂಡಕ್ಕಿ ವಗ್ಗರಣೆ, ಜೊತೆಗೆ ಎರಡು ಮಿರ್ಚಿ. ಮಧ್ಯಾಹ್ನ ಅನ್ನ, ತಿಳಿಸಾರು, ಬದನೆಕಾಯಿ ಪಲ್ಯ, ಮಜ್ಜಿಗೆ. ಸಂಜೆ ಚಹ, ಬಿಸ್ಕತ್ತು. ರಾತ್ರಿ ಮತ್ತೆ ಅನ್ನ, ಸಾರು. ಹಸಿ ಅಕ್ಕಿಯ ಲೆಕ್ಕದಲ್ಲಿ ಅವನು ದಿನಕ್ಕೆ ೩೫೦ ಗ್ರಾಂ ಅನ್ನ ಉಣ್ಣುತ್ತಾನೆಂದು ಹಿಡಿಯೋಣ. ಅದರಿಂದ ೨೮ ಗ್ರಾಂ ಸಸಾರಜನಕ ಬರುತ್ತದೆ. ತಿಳಿಸಾರಿನಲ್ಲಿ ಅವನ ಪಾಲಿಗೆ ಬರುವ ಬೇಳೆ ೨೫-೩೦ ಗ್ರಾಂ ಮೀರದು, ಅದರಿಂದ ಆರು. ಮಂಡಕ್ಕಿಯಿಂದ ನಾಲ್ಕು, ಚಹದ ಹಾಲು, ಮಜ್ಜಿಗೆ, ಬಿಸ್ಕತ್ತು ಎಲ್ಲ ಸೇರಿ ಮತ್ತೈದಾರು. ಒಟ್ಟು ನಲವತ್ತೈದರ ಆಸುಪಾಸು. ಬೇಕಾದದ್ದರಲ್ಲಿ ಅರ್ಧ! ಹೊಟ್ಟೆ ತುಂಬಿದೆ, ಓಡಲು ಕಸುವು ಇದೆ; ಆದರೆ ಮೈ ಕಟ್ಟುವ ಸಾಮಗ್ರಿ ಎಡೆಯಲ್ಲಿಲ್ಲ. ಆದ್ದರಿಂದ ಗರಡಿಯ ಹಿರಿಯರು ಹುಡುಗನನ್ನು ನೋಡಿ ‘ಏನೋ ಕೊರತೆಯಿದೆ’ ಎಂದದ್ದು ಸುಳ್ಳಲ್ಲ. ಅದಕ್ಕೆ ಅವರು ಹೇಳಿದ ಮದ್ದೊಂದೇ ಮದ್ದೆಂಬುದು ಮಾತ್ರ ನಿಜವಲ್ಲ.

ಈ ಕೊರತೆ ಹೇಗೆ ಬಂದಿತು? ಹೊಸಪೇಟೆ, ಕಮಲಾಪುರ, ಕಂಪ್ಲಿಗಳ ನದಿಯಂಚಿನ ಗದ್ದೆಗಳಿಗೆ ಭತ್ತ ಹೊಸದಲ್ಲ; ವಿಜಯನಗರದ ಅರಸರ ಕಾಲದ ಕಾಲುವೆಗಳು ಇಂದಿಗೂ ಅಲ್ಲಿ ನೀರು ಹರಿಸುತ್ತಿವೆ. ಆದರೆ ಸುತ್ತಲಿನ ಎರೆ-ಮಸಾರಿ ಹೊಲಗಳಲ್ಲಿ ಜೋಳ, ಸಜ್ಜೆ, ನವಣೆ, ಹುರುಳಿ, ಶೇಂಗಾಗಳದೇ ಆಳ್ವಿಕೆಯಿತ್ತು. ೧೯೫೩ರಲ್ಲಿ ತುಂಗಭದ್ರಾ ಅಣೆಕಟ್ಟಿನ ನೀರು ಕಾಲುವೆಗಳಿಗೆ ಹರಿಯಿತು. ಒಣಭೂಮಿ ಹಸಿರಾಯಿತು, ಎಷ್ಟೋ ಮನೆಗಳ ಬಡತನ ಕಳೆಯಿತು. ಅದರ ಜೊತೆಗೇ ಹಬ್ಬಕ್ಕೆ ಮಾತ್ರ ಬೇಯುತ್ತಿದ್ದ ಅನ್ನವು ಎರಡು ಹೊತ್ತಿನ ಊಟವಾಯಿತು. ೨೦೧೩ರ ಅನ್ನಭಾಗ್ಯ ಯೋಜನೆಯು ಹಸಿದವರ ತಾಟನ್ನು ತುಂಬಿದ್ದು ಸಣ್ಣ ಸಂಗತಿಯೇನಲ್ಲ. ಆದರೆ ಅಕ್ಕಿ ಅಗ್ಗವಾಗಿ ಬೇಳೆ-ಕಾಳು ತುಟ್ಟಿಯಾದಾಗ ಸಾರು ತಿಳಿಯಾಗುತ್ತ ಹೋಯಿತು. ರೊಟ್ಟಿ ಬಡಿಯುವ ಕೈಗಳೂ ಕಡಿಮೆಯಾದವು. ಸೊಸೆಯೂ ಕೆಲಸಕ್ಕೆ ಹೋಗುವ ಮನೆಯಲ್ಲಿ ಮೂರು ಸೀಟಿಗೆ ಬೇಯುವ ಅನ್ನವನ್ನು ದೂರುವುದು ನ್ಯಾಯವಲ್ಲ.

ಸುಮಾರು ೧೫೨೦ರಲ್ಲಿ ವಿಜಯನಗರಕ್ಕೆ ಬಂದಿದ್ದ ಪೋರ್ಚುಗೀಸ್ ಪ್ರವಾಸಿ ಡೊಮಿಂಗೊ ಪಾಯೆಸ್, ಆ ಪಟ್ಟಣದ ಪೇಟೆಗಳಲ್ಲಿ ಕಂಡ ಧಾನ್ಯಗಳ ಪಟ್ಟಿ ಕೊಟ್ಟಿದ್ದಾನೆ. ಅಕ್ಕಿ-ಗೋಧಿಗಳ ಜೊತೆಗೆ ಹೆಸರುಕಾಳು, ಬೇಳೆಕಾಳುಗಳು, ಹುರುಳಿ ಅದರಲ್ಲಿವೆ. ಇಂಥ ಕಾಳುಗಳು ಸಾಮಾನ್ಯ ಜನರ ಆಹಾರವೆಂದೂ ಅವನು ಬರೆಯುತ್ತಾನೆ. ಹಂಪಿಯ ಮಹಾನವಮಿ ದಿಬ್ಬದ ಕಲ್ಲುಗಳ ಮೇಲೆ ಇಂದಿಗೂ ಸೆಣಸುತ್ತಿರುವ ಜಟ್ಟಿಗಳನ್ನು ಕಂಡಾಗ ಈ ಪೇಟೆಯನ್ನೂ ನೆನೆಯಬೇಕು.

ಹಾಗಾದರೆ ೯೦ ಗ್ರಾಂ ಹೇಗೆ ತುಂಬುವುದು? ಒಂದು ಲೆಕ್ಕವನ್ನು ಇಲ್ಲಿ ಕೊಡುತ್ತೇನೆ. ತಾಯಂದಿರು ತಮ್ಮ ಮನೆಯ ಅನುಕೂಲದಂತೆ ಹೆಚ್ಚುಕಡಿಮೆ ಮಾಡಿಕೊಳ್ಳಬಹುದು. ಐವತ್ತು ಗ್ರಾಂ ಹಿಟ್ಟಿನ ನಾಲ್ಕು ಜೋಳದ ರೊಟ್ಟಿಯಿಂದ ೨೦ ಗ್ರಾಂ. ಒಂದು ಹೊತ್ತಿನ ಅನ್ನಕ್ಕೆ ೧೫೦ ಗ್ರಾಂ ಅಕ್ಕಿಯಾದರೆ ೧೨. ಸಾರಿನ ಬದಲು ಗಟ್ಟಿ ತೊವ್ವೆ ಮಾಡಿ ಅವನ ಪಾಲಿಗೆ ೬೦ ಗ್ರಾಂ ತೊಗರಿಬೇಳೆ ಬಂದರೆ ೧೩. ಹೆಸರು, ಮಡಿಕೆ, ಹುರುಳಿ, ಅಲಸಂದೆ, ಇವುಗಳಲ್ಲಿ ಯಾವುದಾದರೊಂದು ಕಾಳು ಒಣಲೆಕ್ಕದಲ್ಲಿ ೬೦ ಗ್ರಾಂ ಎಂದರೆ ಮತ್ತೆ ೧೩. ಎರಡು ಹಿಡಿ ಶೇಂಗಾ, ಅಂದರೆ ೪೦ ಗ್ರಾಂ, ೯ ಗ್ರಾಂ ಕೊಡುತ್ತದೆ. ಅರ್ಧ ಲೀಟರ್ ಹಾಲಿನಿಂದ ೧೬-೧೭. ಎಮ್ಮೆಯ ಹಾಲಾದರೆ ಇನ್ನೂ ಒಂದೆರಡು ಹೆಚ್ಚು. ಒಂದು ದೊಡ್ಡ ಬಟ್ಟಲು ಮೊಸರಿನಿಂದ ೬-೭. ಕೂಡಿಸಿ ನೋಡಿ, ತೊಂಬತ್ತು ತುಂಬುತ್ತದೆ. ಇದರಲ್ಲಿ ಅಂಗಡಿಯಿಂದ ಹೊಸದಾಗಿ ತರಬೇಕಾದ ಪದಾರ್ಥ ಒಂದೂ ಇಲ್ಲ. ಪ್ರಮಾಣ ಬದಲಾಗಿದೆ, ಅಷ್ಟೆ.

ರೊಟ್ಟಿಗೆ ಕಾಳಿನ ಪಲ್ಯ, ಅನ್ನಕ್ಕೆ ಬೇಳೆ ಎಂಬ ನಮ್ಮ ಜೋಡಿಗಳು ಬರಿಯ ರುಚಿಗಾಗಿ ಹುಟ್ಟಿದವಲ್ಲ. ಸಸಾರಜನಕವು ಹಲವು ಅಮೈನೋ ಆಮ್ಲಗಳಿಂದ ಆದದ್ದು. ಜೋಳ, ಅಕ್ಕಿಗಳಲ್ಲಿ ಲೈಸಿನ್ ಎಂಬ ಅಂಶ ಕಡಿಮೆ, ಕಾಳುಗಳಲ್ಲಿ ಅದು ಹೇರಳ. ಕಾಳುಗಳಲ್ಲಿ ಕಡಿಮೆಯಿರುವ ಮೆಥಿಯೋನಿನ್ ಧಾನ್ಯಗಳಲ್ಲಿದೆ. ಒಂದರ ಕೊರತೆಯನ್ನು ಇನ್ನೊಂದು ತುಂಬುತ್ತದೆ. ಒಂದೇ ತುತ್ತಿನಲ್ಲಿ ಇವು ಕೂಡಬೇಕೆಂದಿಲ್ಲ, ಒಂದೇ ದಿನದಲ್ಲಿ ಕೂಡಿದರೆ ಸಾಕು. ಕಾಳನ್ನು ರಾತ್ರಿ ನೆನೆಹಾಕಿ ಮೊಳಕೆ ಬರಿಸಿ ಬೇಯಿಸಿದರೆ ಸುಲಭವಾಗಿ ಜೀರ್ಣವಾಗುತ್ತದೆ. ಹುರುಳಿಯನ್ನು ಎತ್ತಿಗೆ ಹಾಕುವ ಕಾಳೆಂದು ಮೂಗು ಮುರಿಯುವವರು, ಅದರ ಸಸಾರಜನಕವು ತೊಗರಿಯದಕ್ಕೆ ಸರಿಸಮವೆಂಬುದನ್ನು ತಿಳಿಯಬೇಕು. ಎತ್ತು ಉಳುವುದು ಸುಮ್ಮನೆಯೇ?

ವಗ್ಗರಣೆಯನ್ನು ಬಿಡಿ ಎಂದು ನಮ್ಮ ಸೀಮೆಯವರಿಗೆ ಹೇಳುವ ಧೈರ್ಯ ನನಗಿಲ್ಲ. ಅದರ ಮೇಲೆ ಉದುರಿಸುವ ಪುಟಾಣಿ ಹಿಟ್ಟನ್ನು ಚಿಟಿಕೆಯಿಂದ ಹಿಡಿಗೆ ಏರಿಸಿ, ಶೇಂಗಾ ಧಾರಾಳವಾಗಿ ಹಾಕಿ, ಮಿರ್ಚಿಯನ್ನು ರವಿವಾರಕ್ಕೆ ಇಟ್ಟುಕೊಂಡರೆ ಅದೇ ತಿಂಡಿ ಆಟಗಾರನಿಗೆ ಯೋಗ್ಯವಾಗುತ್ತದೆ. ಶೇಂಗಾ ಚಟ್ನಿ, ಅಗಸಿ ಹಿಂಡಿ, ಗುರೆಳ್ಳು ಪುಡಿಗಳನ್ನು ಉಪ್ಪಿನಕಾಯಿಯಂತೆ ಎಡೆಯ ತುದಿಗೆ ಮುಟ್ಟಿಸದೆ ಒಂದು ದೊಡ್ಡ ಚಮಚೆಯಷ್ಟು ಬಡಿಸಿರಿ, ಮೇಲೆ ಮೊಸರು ಹಾಕಿರಿ. ಎಳ್ಳಿನಲ್ಲಿ ಸುಣ್ಣದ ಅಂಶ ಅಪಾರವಾಗಿದೆ. ಬೆಳೆಯುವ ಮೂಳೆಗೆ ಅದು ಬೇಕು. ಸಂಕ್ರಾಂತಿಯ ಸಜ್ಜೆರೊಟ್ಟಿ, ಎಳ್ಳು ಹೋಳಿಗೆ, ಶೇಂಗಾ ಹೋಳಿಗೆಗಳು ವರ್ಷಕ್ಕೊಮ್ಮೆ ಮಾತ್ರ ನೆನಪಾಗಬೇಕಾದವುಗಳಲ್ಲ.

ಇನ್ನು ಮೊಟ್ಟೆಯ ಮಾತು. ಮೊಟ್ಟೆ ಉತ್ತಮ ಸಸಾರಜನಕವೆಂಬುದು ನಿಜ. ನಮ್ಮ ಮನೆಗೆ ಅದು ಬರುವುದಿಲ್ಲವೆಂಬ ಕಾರಣಕ್ಕೆ ಅದನ್ನು ಸುಳ್ಳೆನ್ನಬೇಕಾಗಿಲ್ಲ. ಒಂದು ಮೊಟ್ಟೆಯಲ್ಲಿ ಸುಮಾರು ೬ ಗ್ರಾಂ ಇರುತ್ತದೆ. ಒಂದು ದೊಡ್ಡ ಲೋಟ ಹಾಲಿನಲ್ಲಿಯೂ ಹೆಚ್ಚುಕಡಿಮೆ ಅಷ್ಟೇ ಇರುತ್ತದೆ. ೨೦೨೧ರ ಡಿಸೆಂಬರಿನಲ್ಲಿ ಬಳ್ಳಾರಿಯೂ ಸೇರಿದಂತೆ ಕಲ್ಯಾಣ ಕರ್ನಾಟಕದ ಶಾಲೆಗಳಲ್ಲಿ ಬಿಸಿಯೂಟದೊಂದಿಗೆ ಮೊಟ್ಟೆ ಕೊಡಲಾರಂಭಿಸಿದಾಗ, ತಿನ್ನದ ಮಕ್ಕಳಿಗೆ ಬಾಳೆಹಣ್ಣಿನ ಏರ್ಪಾಡಾಯಿತು. ನಮ್ಮ ಸಮಾಜದಲ್ಲಿ ಆಗ ಬಹಳ ಚರ್ಚೆ ನಡೆಯಿತು. ಚರ್ಚೆಯ ಬಿಸಿಯಲ್ಲಿ ಒಂದು ಸಂಗತಿ ಹಿಂದೆ ಸರಿಯಿತು: ಬಾಳೆಹಣ್ಣಿನಲ್ಲಿರುವ ಸಸಾರಜನಕ ಒಂದು ಗ್ರಾಂ ಮಾತ್ರ. ಹೊಸಪೇಟೆ-ಕಮಲಾಪುರದ ಬಾಳೆ ಎಷ್ಟೇ ಸವಿಯಾದರೂ ಅದು ಮೊಟ್ಟೆಯ ಸ್ಥಾನವನ್ನು ತುಂಬಲಾರದು. ಮೊಟ್ಟೆ ಬೇಡವೆನ್ನುವ ಹಕ್ಕು ನಮಗಿದೆ; ಬೇಡವೆಂದ ಮೇಲೆ ಅದರ ಬದಲಿಗೆ ಹಾಲು, ಶೇಂಗಾ ಉಂಡೆ, ಕಾಳಿನ ಉಸಳಿಯನ್ನು ಮನೆಯಿಂದ ಕೊಡುವ ಹೊಣೆಯೂ ನಮ್ಮದೇ ಅಲ್ಲವೇ?

ಪುಡಿಯ ಡಬ್ಬಿಯ ವಿಷಯ ಬೇರೆ. ಅದು ವಿಷವಲ್ಲ, ಹೆಚ್ಚಿನವು ಹಾಲಿನ ಗಿಣ್ಣದಿಂದ ಬೇರ್ಪಟ್ಟ ತಿಳಿನೀರಿನಿಂದ ತಯಾರಾದವು. ಒಂದು ಅಳತೆಯಲ್ಲಿ ೨೪ ಗ್ರಾಂನಷ್ಟು ಸಸಾರಜನಕವಿರುತ್ತದೆ. ನೂರು ಗ್ರಾಂ ಶೇಂಗಾದಲ್ಲಿಯೂ ಅಷ್ಟೇ ಇದೆ. ಡಬ್ಬಿಯ ಹಣದಲ್ಲಿ ತಿಂಗಳಿಡೀ ಅರ್ಧ ಲೀಟರ್ ಹಾಲು, ಬೇಕಾದಷ್ಟು ಶೇಂಗಾ-ಕಾಳು ಬಂದು ಇನ್ನೂ ಹಣ ಉಳಿಯುತ್ತದೆ. ಹೈದರಾಬಾದಿನ ರಾಷ್ಟ್ರೀಯ ಪೋಷಣಾ ಸಂಸ್ಥೆಯು ೨೦೨೪ರಲ್ಲಿ ಹೊರತಂದ ಆಹಾರ ಮಾರ್ಗಸೂಚಿಯು, ಮೈ ಬೆಳೆಸುವುದಕ್ಕಾಗಿ ಇಂಥ ಪುಡಿಗಳನ್ನು ಸೇವಿಸದಿರುವುದೇ ಲೇಸೆಂದೂ, ದೀರ್ಘಕಾಲ ಹೆಚ್ಚು ಪ್ರಮಾಣದಲ್ಲಿ ತೆಗೆದುಕೊಂಡರೆ ಮೂಳೆಗೂ ಮೂತ್ರಪಿಂಡಕ್ಕೂ ಅಪಾಯವಾಗಬಹುದೆಂದೂ ಎಚ್ಚರಿಸಿದೆ. ಇನ್ನೊಂದು ಭಯವೂ ಇದೆ. ಕಲಬೆರಕೆಯ ಡಬ್ಬಿಗಳಲ್ಲಿ ನಿಷೇಧಿತ ಸ್ಟೆರಾಯ್ಡ್‌ಗಳು ಬೆರೆತಿರುವುದುಂಟು. ಉದ್ದೀಪನ ಮದ್ದಿನ ಪರೀಕ್ಷೆಯಲ್ಲಿ ಸಿಕ್ಕಿಬಿದ್ದ ಆಟಗಾರನು ‘ಡಬ್ಬಿಯಲ್ಲಿ ಏನಿತ್ತೋ ನನಗೆ ತಿಳಿಯದು’ ಎಂದರೆ ನಡೆಯುವುದಿಲ್ಲ; ಮೈಯೊಳಗೆ ಹೋದದ್ದಕ್ಕೆ ಅವನೇ ಜವಾಬುದಾರ ಎಂಬುದು ನಿಯಮ. ಹಲವು ವರ್ಷಗಳ ಬೆವರು ಒಂದು ಡಬ್ಬಿಯಿಂದ ನೀರಾಗಬಾರದು. ಮೂತ್ರಪಿಂಡದ ತೊಂದರೆಯುಳ್ಳವರು ಪುಡಿಯಷ್ಟೇ ಅಲ್ಲ, ಬೇಳೆ-ಕಾಳುಗಳನ್ನೂ ವೈದ್ಯರನ್ನು ಕೇಳದೆ ಹೆಚ್ಚಿಸಬಾರದು.

ಈಗ ಪತ್ರದ ಅಂಚಿನ ಆ ಸಾಲಿಗೆ ಬರುತ್ತೇನೆ. ಮಗನ ವಿಷಯಕ್ಕೆ ನಾಲ್ಕು ಪುಟ, ಮಗಳಿಗೆ ಒಂದು ಸಾಲು! ನಿಜ ಹೇಳಬೇಕೆಂದರೆ ನನಗೆ ಚಿಂತೆಯಾದದ್ದು ಮಗಳ ಬಗ್ಗೆಯೇ. ಆಡುವ ಹುಡುಗಿ ‘ಈಚೆಗೆ ಬೇಗ ದಣಿಯುತ್ತಾಳೆ’ ಎಂದರೆ ಮೊದಲು ನೋಡಬೇಕಾದದ್ದು ಅವಳ ರಕ್ತವನ್ನು. ೨೦೧೯-೨೧ರ ರಾಷ್ಟ್ರೀಯ ಕುಟುಂಬ ಆರೋಗ್ಯ ಸಮೀಕ್ಷೆಯ ಪ್ರಕಾರ ಕರ್ನಾಟಕದಲ್ಲಿ ೧೫ರಿಂದ ೪೯ ವಯಸ್ಸಿನ ಮಹಿಳೆಯರಲ್ಲಿ ಅರ್ಧಕ್ಕೆ ಸಮೀಪದಷ್ಟು ಜನರಿಗೆ ರಕ್ತಹೀನತೆಯಿದೆ. ಸಂಡೂರಿನ ಬೆಟ್ಟಗಳಿಂದ ಕಬ್ಬಿಣದ ಅದಿರು ಲಾರಿ, ರೈಲುಗಳಲ್ಲಿ ಹೊರಟು ದೇಶಾಂತರಗಳನ್ನು ಸೇರಿತು. ಆ ಬೆಟ್ಟದ ಬುಡದಲ್ಲಿ ಬೆಳೆಯುವ ನಮ್ಮ ಹೆಣ್ಣುಮಕ್ಕಳ ರಕ್ತದಲ್ಲಿ ಚಿಟಿಕೆ ಕಬ್ಬಿಣಕ್ಕೆ ಕೊರತೆ! ಶ್ವಾಸಕೋಶದಿಂದ ಮಾಂಸಖಂಡಗಳಿಗೆ ಆಮ್ಲಜನಕವನ್ನು ಹೊತ್ತೊಯ್ಯುವುದು ರಕ್ತದ ಹಿಮೋಗ್ಲೋಬಿನ್. ಅದಕ್ಕೆ ಕಬ್ಬಿಣ ಬೇಕು. ಅದಿಲ್ಲದೆ ಎಷ್ಟು ತಾಲೀಮು ಮಾಡಿಸಿದರೂ ಹುಡುಗಿ ಏದುಸಿರು ಬಿಡುತ್ತಾಳೆ. ನಾವು ಅದನ್ನು ಸೋಮಾರಿತನವೆಂದು ಗದರುತ್ತೇವೆ.

ಮುಟ್ಟಿನಲ್ಲಿ ಪ್ರತಿ ತಿಂಗಳೂ ಕಬ್ಬಿಣ ಹೊರಹೋಗುತ್ತದೆ. ಬೆವರಿನಲ್ಲಿಯೂ ಸ್ವಲ್ಪ ಹೋಗುತ್ತದೆ. ಗಟ್ಟಿನೆಲದ ಮೇಲೆ ಓಡುವವರಲ್ಲಿ ಅಂಗಾಲು ಬಡಿದು ಕೆಲವು ಕೆಂಪು ರಕ್ತಕಣಗಳು ಒಡೆಯುವುದೂ ಉಂಟು. ಆದ್ದರಿಂದ ಗಂಡಸಿಗೆ ದಿನಕ್ಕೆ ೧೯ ಮಿಲಿಗ್ರಾಂ ಕಬ್ಬಿಣ ಸಾಕೆಂದಿರುವ ವೈದ್ಯಕೀಯ ಸಂಶೋಧನಾ ಮಂಡಳಿಯು ಹೆಂಗಸಿಗೆ ೨೯ ಮಿಲಿಗ್ರಾಂ ಬೇಕೆಂದಿದೆ. ನಮ್ಮ ಮನೆಗಳಲ್ಲಿ ನಡೆಯುವುದು ಇದಕ್ಕೆ ತಿರುಗುಮುರುಗು. ಗಟ್ಟಿ ಬೇಳೆ, ಕೆನೆಮೊಸರು ಮೊದಲ ಪಂಕ್ತಿಯ ಗಂಡಸರಿಗೆ. ಕೊನೆಗೆ ಕೂಡುವ ತಾಯಿ-ಮಗಳಿಗೆ ತಳದ ಅನ್ನ, ತಿಳಿಸಾರು. ದಾಸೋಹದ ಪಂಕ್ತಿಯಲ್ಲಿ ಹೆಣ್ಣು-ಗಂಡೆಂಬ ಭೇದ ಕೂಡದೆಂದು ಸಾರಿದ ಪರಂಪರೆಯವರ ಮನೆಯೊಳಗೇ ಈ ಭೇದ ಉಳಿದಿದೆ. ಹುಡುಗಿಯು ಅಣ್ಣನ ಪಕ್ಕದಲ್ಲೇ, ಅವನ ಜೊತೆಗೇ ಊಟಕ್ಕೆ ಕೂಡಲಿ. ಅರ್ಧ ಚಿಕಿತ್ಸೆ ಅಲ್ಲಿಯೇ ಆಗುತ್ತದೆ.

ಸಜ್ಜೆ, ಹುರುಳಿ, ಎಳ್ಳು, ನುಗ್ಗೆಸೊಪ್ಪು, ರಾಜಗಿರಿ ಸೊಪ್ಪುಗಳಲ್ಲಿ ಕಬ್ಬಿಣವಿದೆ. ಆದರೆ ಸಸ್ಯಾಹಾರದ ಕಬ್ಬಿಣವನ್ನು ಕರುಳು ಸುಲಭವಾಗಿ ಹೀರದು. ಲಿಂಬೆ, ನೆಲ್ಲಿಕಾಯಿ, ಪೇರಲದಂಥ ಹುಳಿಹಣ್ಣು ಜೊತೆಗಿದ್ದರೆ ಹೀರುವಿಕೆ ಹೆಚ್ಚುತ್ತದೆ. ಚಹ-ಕಾಫಿ ಜೊತೆಗಿದ್ದರೆ ತೀರ ಕುಗ್ಗುತ್ತದೆ. ಕಾಳಿನ ಪಲ್ಯದ ಮೇಲೆ ಲಿಂಬೆ ಹಿಂಡುವುದು, ಊಟದ ಹಿಂದೆ ಮುಂದೆ ಒಂದು ಗಂಟೆ ಚಹ ಕುಡಿಯದಿರುವುದು, ಈ ಎರಡಕ್ಕೆ ಖರ್ಚೇನೂ ಇಲ್ಲ. ಕಬ್ಬಿಣದ ಬಾಣಲೆಯಲ್ಲಿ ಸೊಪ್ಪು ಬೇಯಿಸುವ ಹಳೆಯ ಪದ್ಧತಿಯೂ ಒಳ್ಳೆಯದೇ. ಬೆಲ್ಲದಿಂದ ರಕ್ತ ತುಂಬುತ್ತದೆಂಬ ನಂಬಿಕೆ ಮಾತ್ರ ಅತಿಯಾದದ್ದು. ತಿನ್ನಬಹುದಾದಷ್ಟು ಬೆಲ್ಲದಲ್ಲಿ ಸಿಗುವ ಕಬ್ಬಿಣ ಅಲ್ಪ.

ಈಗಾಗಲೇ ಬಂದಿರುವ ರಕ್ತಹೀನತೆಯನ್ನು ಊಟದಿಂದಷ್ಟೇ ನೀಗಿಸಲಾಗದು. ಹತ್ತಿರದ ಆರೋಗ್ಯ ಕೇಂದ್ರದಲ್ಲಿ ಹಿಮೋಗ್ಲೋಬಿನ್ ಪರೀಕ್ಷೆ ಮಾಡಿಸಿರಿ; ೧೨ ಗ್ರಾಂಗಿಂತ ಕಡಿಮೆಯಿದ್ದರೆ ವೈದ್ಯರು ಕೊಡುವ ಮಾತ್ರೆಯನ್ನು ಅವರು ಹೇಳಿದಷ್ಟು ತಿಂಗಳು ತಪ್ಪದೆ ನುಂಗಿಸಿರಿ. ಶಾಲೆಯಲ್ಲಿ ವಾರಕ್ಕೊಮ್ಮೆ ಕೊಡುವ ನೀಲಿ ಮಾತ್ರೆಯನ್ನು ಕಿಟಕಿಯಾಚೆ ಎಸೆಯುವ ಹುಡುಗಿಯರ ಕಥೆಯನ್ನು ಶಿಕ್ಷಕಿಯರು ಬಲ್ಲರು. ಹೊಟ್ಟೆ ತೊಳಸದಂತೆ ಊಟವಾದ ಮೇಲೆ ನುಂಗಬೇಕೆಂದು ಮನೆಯಲ್ಲಿ ತಿಳಿಹೇಳಿರಿ. ಆಡುವ ಹುಡುಗಿಗೆ ಮೂರು ತಿಂಗಳು ಮುಟ್ಟು ನಿಂತರೆ ‘ಓಡುತ್ತಾಳಲ್ಲ, ಅದಕ್ಕೆ’ ಎಂದು ಸುಮ್ಮನಿರಬಾರದು. ತಾಲೀಮಿಗೆ ತಕ್ಕಷ್ಟು ಊಟವಿಲ್ಲದಾಗ ದೇಹ ಹಾಗೆ ಮಾಡುತ್ತದೆ. ಮುಂದೆ ಮೂಳೆ ಸವೆಯುತ್ತದೆ. ಅದನ್ನೂ ವೈದ್ಯರಿಗೆ ತೋರಿಸಬೇಕು. ಬಿ೧೨ ಎಂಬ ಜೀವಸತ್ವವು ಗಿಡಮರಗಳಿಂದ ಸಿಗದು. ನಮಗೆ ಅದರ ಮೂಲ ಹಾಲು, ಮೊಸರುಗಳೇ. ಹಾಲು ಒಗ್ಗದ ಅಥವಾ ಸೇರದ ಮಕ್ಕಳಿಗೆ ಈ ಪರೀಕ್ಷೆಯೂ ಅಗತ್ಯ.

ಹೊತ್ತಿನ ಪ್ರಶ್ನೆ ನಮ್ಮ ಮನೆಗಳಲ್ಲಿ ಸೂಕ್ಷ್ಮವಾದುದು. ಲಿಂಗಪೂಜೆಯಾಗದೆ ಬಾಯಿಗೆ ಏನನ್ನೂ ಹಾಕದ ನಿಷ್ಠೆಯ ಮನೆತನಗಳಿವೆ. ಮಗ ಐದಕ್ಕೆದ್ದು ಬರಿಹೊಟ್ಟೆಯಲ್ಲಿ ಓಡಿ, ಎಂಟಕ್ಕೆ ಬಂದು, ಸ್ನಾನ-ಪೂಜೆ ಮುಗಿಸಿ ಪ್ರಸಾದಕ್ಕೆ ಕೂಡುವ ಹೊತ್ತಿಗೆ ಒಂಬತ್ತು. ರಾತ್ರಿ ಎಂಟಕ್ಕೆ ಉಂಡವನಿಗೆ ಇದು ಹದಿಮೂರು ಗಂಟೆಗಳ ಉಪವಾಸ. ಅದರ ನಡುವೆ ಎರಡು ಗಂಟೆಯ ಸಾಮು. ಕಣ್ಣು ಕತ್ತಲೆಗಟ್ಟುವುದು ಆಶ್ಚರ್ಯವಲ್ಲ. ಅರ್ಧ ಗಂಟೆ ಮುಂಚೆ ಎದ್ದು, ಮಿಂದು, ಪೂಜೆ ಪೂರೈಸಿ, ಒಂದು ಬಾಳೆಹಣ್ಣು ಅಥವಾ ಎರಡು ಖರ್ಜೂರ ಪ್ರಸಾದವಾಗಿ ಸ್ವೀಕರಿಸಿ ಹೊರಟರೆ ನಿಷ್ಠೆಯೂ ಉಳಿಯುತ್ತದೆ, ಮೈಯೂ ಉಳಿಯುತ್ತದೆ. ಮರಳಿದ ಒಂದು ಗಂಟೆಯೊಳಗೆ ಹಾಲು, ಶೇಂಗಾ-ಬೆಲ್ಲ, ಮೊಳಕೆಕಾಳಿನಂಥದ್ದು ಹೊಟ್ಟೆ ಸೇರಲಿ. ದಣಿದ ಮಾಂಸಖಂಡಗಳಿಗೆ ಆಗ ಆಹಾರದ ಅಗತ್ಯ ಹೆಚ್ಚು. ಸೋಮವಾರದ ಉಪವಾಸ ಮಾಡುವ ಮಕ್ಕಳಿಗೆ ಅಂದು ಹಗುರ ತಾಲೀಮು ಇರಲೆಂದು ತರಬೇತುದಾರರಿಗೆ ಮೊದಲೇ ತಿಳಿಸಿಡಿ. ಫಲಾಹಾರದಲ್ಲಿ ಸಾಬೂದಾಣಿಯನ್ನೇ ನೆಚ್ಚದೆ ಹಾಲು, ಶೇಂಗಾ, ಮೊಸರನ್ನು ಸೇರಿಸಿರಿ. ಸಾಬೂದಾಣಿ ಬರಿಯ ಪಿಷ್ಟ.

ತುಪ್ಪ-ಎಣ್ಣೆಯಿಂದಲೇ ಪೈಲ್ವಾನನಾಗುತ್ತಾನೆಂದು ನಂಬುವವರು ಕೃಷ್ಣದೇವರಾಯನ ಹೆಸರು ಹೇಳುತ್ತಾರೆ. ಅದಕ್ಕೆ ಆಧಾರ ಅದೇ ಪಾಯೆಸನ ಬರಹ. ೧೯೦೦ರಲ್ಲಿ ರಾಬರ್ಟ್ ಸೀವೆಲ್ ಅದನ್ನು ಇಂಗ್ಲಿಷಿನಲ್ಲಿ ಪ್ರಕಟಿಸಿದರು. ರಾಯನು ಬೆಳಗು ಹರಿಯುವ ಮುನ್ನ ಮೂರು-ನಾಲ್ಕು ನೂರು ಮಿಲಿಲೀಟರಿನಷ್ಟು ಎಳ್ಳೆಣ್ಣೆಯನ್ನು ಕುಡಿಯುತ್ತಿದ್ದನೆಂದು ಅಲ್ಲಿದೆ. ಅಷ್ಟು ಎಣ್ಣೆಯೆಂದರೆ ಸುಮಾರು ಮೂರು ಸಾವಿರ ಕ್ಯಾಲರಿ, ಬಹುಪಾಲು ಜನರ ಇಡೀ ದಿನದ ಅಗತ್ಯಕ್ಕಿಂತ ಹೆಚ್ಚು. ಆದರೆ ಕಥೆ ಅಲ್ಲಿಗೇ ಮುಗಿಯುವುದಿಲ್ಲ. ಅನಂತರ ಅವನು ಮೈಗೆಲ್ಲ ಎಣ್ಣೆ ಪೂಸಿಕೊಂಡು, ಮಣ್ಣಿನ ಭಾರವಾದ ತೂಕಗಳನ್ನೆತ್ತಿ, ಎಣ್ಣೆಯೆಲ್ಲ ಬೆವರಾಗಿ ಹೋಗುವವರೆಗೆ ಕತ್ತಿ ಬೀಸಿ, ಜಟ್ಟಿಯೊಬ್ಬನೊಡನೆ ಕುಸ್ತಿಯಾಡಿ, ಸೂರ್ಯೋದಯದವರೆಗೆ ಕುದುರೆಯೋಡಿಸುತ್ತಿದ್ದನಂತೆ. ಎಣ್ಣೆಯ ಲೋಟವೊಂದನ್ನೇ ನೆನಪಿಟ್ಟು ಕುದುರೆಯನ್ನು ಮರೆಯುವವರೇ ಹೆಚ್ಚು. ಎಣ್ಣೆಯಲ್ಲಿ ಶಕ್ತಿಯಿದೆ, ಸಸಾರಜನಕ ಒಂದು ಗ್ರಾಮೂ ಇಲ್ಲ. ಬೆಳೆಯುವ ಹುಡುಗನಿಗೆ ದಿನಕ್ಕೆರಡು ಚಮಚೆ ತುಪ್ಪ ಹಿತ. ಗಲ್ಲೆಯ ಮೇಲೆ ಕುಳಿತು ದಿನ ಕಳೆಯುವ ತಂದೆಯೂ ಮಗನ ನೆಪದಲ್ಲಿ ಹುಗ್ಗಿಗೆ ತುಪ್ಪ ಸುರಿದುಕೊಂಡರೆ ಅದು ಎಲ್ಲಿ ಸೇರುತ್ತದೆಂಬುದನ್ನು ಅವರ ಅಂಗಿಯ ಗುಂಡಿಗಳು ಹೇಳುತ್ತವೆ. ಬೆಳಿಗ್ಗೆ ಅರ್ಧ ಗಂಟೆ ನಡೆಯುವವರಿಗೆ ಮಾಮೂಲಿನ ಊಟವೇ ಸಾಕು. ಆಟಗಾರನ ಲೆಕ್ಕ ಅವರಿಗೆ ಸಲ್ಲದು.

ನೀರಿನ ವಿಷಯದಲ್ಲಿ ಗರಡಿಗಳಲ್ಲಿ ಒಂದು ಹಳೆಯ ತಪ್ಪು ತಿಳಿವಳಿಕೆಯಿದೆ, ಸಾಮಿನ ನಡುವೆ ನೀರು ಕುಡಿಯಬಾರದೆಂದು. ಬೇಸಿಗೆಯಲ್ಲಿ ೪೦ ಡಿಗ್ರಿ ದಾಟುವ ನಮ್ಮ ಸೀಮೆಯಲ್ಲಿ ಇದು ಅಪಾಯಕರ. ತಾಲೀಮಿನ ಮೊದಲು ಮತ್ತು ಅನಂತರ ತೂಗಿ ನೋಡಿರಿ. ಒಂದು ಕಿಲೋ ಇಳಿದಿದ್ದರೆ ಅದು ನೀರೇ ಹೊರತು ಕೊಬ್ಬಲ್ಲ. ಅದಕ್ಕೆ ಮುಂದಿನ ಕೆಲವು ಗಂಟೆಗಳಲ್ಲಿ ಒಂದೂಕಾಲರಿಂದ ಒಂದೂವರೆ ಲೀಟರ್ ದ್ರವ ಸೇರಬೇಕು. ಉಪ್ಪು ಹಾಕಿದ ನೀರುಮಜ್ಜಿಗೆಗಿಂತ ಒಳ್ಳೆಯ ಪಾನೀಯ ಬಾಟಲಿಯಲ್ಲಿ ಬರುವುದಿಲ್ಲ. ಎಳನೀರು ಉತ್ತಮವೇ, ಆದರೆ ಬೆವರಿನಲ್ಲಿ ಹೋದ ಉಪ್ಪು ಅದರಲ್ಲಿ ಸಾಕಷ್ಟಿಲ್ಲ. ಬಹಳ ಬೆವರುವವರು ಒಂದು ಲೀಟರ್ ಕಾಯಿಸಿ ಆರಿಸಿದ ನೀರಿಗೆ ಮಟ್ಟ ಮಾಡಿದ ಆರು ಚಹದ ಚಮಚೆ ಸಕ್ಕರೆ, ಅರ್ಧ ಚಮಚೆ ಉಪ್ಪು ಬೆರೆಸಿ ಲಿಂಬೆ ಹಿಂಡಿಕೊಳ್ಳಬಹುದು. ಅಳತೆ ಮೀರಬಾರದು.

ಹುಡುಗ ಕುಸ್ತಿಗೆ ಇಳಿದಿರುವುದರಿಂದ ತೂಕ ಇಳಿಸುವ ಮಾತನ್ನೂ ಆಡಲೇಬೇಕು. ಸಂಡೂರು ತಾಲೂಕಿನ ತೋರಣಗಲ್ಲಿನಲ್ಲಿ ೨೦೧೮ರಿಂದ ಇರುವ ಇನ್‌ಸ್ಪೈರ್ ಕ್ರೀಡಾ ಸಂಸ್ಥೆಯಲ್ಲಿ ಕುಸ್ತಿ, ಬಾಕ್ಸಿಂಗ್, ಜೂಡೋಗಳ ತರಬೇತಿಯಿದೆ. ೨೦೧೯ರಲ್ಲಿ ಮೊಣಕೈ ಶಸ್ತ್ರಚಿಕಿತ್ಸೆಯ ಅನಂತರ ನೀರಜ್ ಚೋಪ್ರಾ ಚೇತರಿಸಿಕೊಂಡ ಸ್ಥಳಗಳಲ್ಲಿ ಅದೂ ಒಂದು. ಅಂಥ ಕಡೆ ಸೇರುವ ಕನಸು ನಮ್ಮ ಹಳ್ಳಿಯ ಮಕ್ಕಳಲ್ಲಿ ಈಗ ಮೂಡಿದೆ. ಇವು ತೂಕದ ವರ್ಗಗಳ ಆಟ. ಕೆಳಗಿನ ವರ್ಗದಲ್ಲಿ ಆಡಿದರೆ ಸುಲಭವಾಗಿ ಗೆಲ್ಲಬಹುದೆಂದು ಸ್ಪರ್ಧೆಯ ಹಿಂದಿನ ದಿನ ಊಟ-ನೀರು ಬಿಟ್ಟು, ಬಿಸಿಲಿನಲ್ಲಿ ಸ್ವೆಟರ್ ತೊಟ್ಟು ಓಡುವ ಚಾಳಿ ಹುಡುಗರಲ್ಲಿದೆ. ೨೦೨೪ರ ಪ್ಯಾರಿಸ್ ಒಲಿಂಪಿಕ್ಸಿನಲ್ಲಿ ವಿನೇಶ್ ಫೋಗಟ್ ಅವರು ಫೈನಲ್ ತಲುಪಿಯೂ ನೂರು ಗ್ರಾಂ ಹೆಚ್ಚು ತೂಗಿದ್ದರಿಂದ ಅನರ್ಹರಾದದ್ದನ್ನು ದೇಶವೇ ಕಂಡಿತು. ಆ ಹಿಂದಿನ ರಾತ್ರಿ ಅವರು ಪಟ್ಟ ಪಾಡೂ ಪತ್ರಿಕೆಗಳಲ್ಲಿ ಬಂದಿತು. ಅವರ ಸುತ್ತ ವೈದ್ಯರಿದ್ದರು. ೧೯೯೭ರಲ್ಲಿ ಅಮೆರಿಕದಲ್ಲಿ ಐದು ವಾರಗಳೊಳಗೆ ಮೂವರು ಕಾಲೇಜು ಕುಸ್ತಿಪಟುಗಳು ಹೀಗೆ ಬೆವರಿಳಿಸಿ ತೂಕ ತಗ್ಗಿಸುವಾಗಲೇ ಪ್ರಾಣ ಬಿಟ್ಟರು. ಬೆಳೆಯುವ ಮಕ್ಕಳು ತಮ್ಮ ಸಹಜ ತೂಕದ ವರ್ಗದಲ್ಲೇ ಆಡಲಿ. ಈ ವರ್ಷ ಸೋತರೂ ಚಿಂತೆಯಿಲ್ಲ.

ಸ್ಪರ್ಧೆಯ ದಿನ ಮಗನಿಗೆ ಏನು ಉಣಿಸಬೇಕೆಂದೂ ಆ ತಾಯಿ ಕೇಳಿದ್ದಾರೆ. ಕಣಕ್ಕಿಳಿಯುವ ಮೂರು ಗಂಟೆ ಮೊದಲು ಮೊಸರನ್ನ ಅಥವಾ ನಾಲ್ಕು ಇಡ್ಲಿ, ಒಂದು ಬಾಳೆಹಣ್ಣು. ಅಂದು ಕಾಳಿನ ಉಸಳಿ, ಹೋಳಿಗೆ, ಕರಿದ ತಿಂಡಿ ಬೇಡ. ಹೊಸ ಪದಾರ್ಥವೂ ಬೇಡ. ಹೋಳಿಗೆಯನ್ನು ಕಟ್ಟಿಟ್ಟುಕೊಂಡು ಹೋಗಿರಿ, ಕುಸ್ತಿ ಮುಗಿದ ಮೇಲೆ ಕೊಡಬಹುದು. ತಂಗಿಗೂ ಒಂದು ಇರಲಿ.